ಹೊರನಾಡ ಕನ್ನಡ ಸಂಘಗಳು ಮತ್ತು ಅವುಗಳ ಮುಂದಾಳುಗಳು

ಕರ್ನಾಟಕದ ಆಚೆ ನೆಲೆಸಿದ ಕನ್ನಡಿಗರು ಕಟ್ಟಿಕೊಂಡ ಸಂಘಗಳಿಗೆ ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ. ಸದಸ್ಯರ ಚಂದಾ ಮತ್ತು ದಾನಿಗಳ ದೇಣಿಗೆಯೇ ಇವುಗಳ ಆಧಾರ. ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಎಲ್ಲರೂ ಸಾಮಾನ್ಯವಾಗಿ ತಮ್ಮ ಉದ್ಯೋಗ ಮಾಡಿಕೊಂಡೇ ಬಿಡುವಿನ ವೇಳೆಯನ್ನು ಸಂಘಕ್ಕೆ ಕೊಡುವವರು. ನುಡಿ, ಕಲೆ, ಹಬ್ಬಗಳನ್ನು ಉಳಿಸಿಕೊಳ್ಳುವುದರ ಜೊತೆಗೆ ನೆಲೆಸಿದ ಊರಿನ ಆಡಳಿತದೊಡನೆಯೂ ತವರಿನ ಸರ್ಕಾರದೊಡನೆಯೂ ನಂಟು ಕಾಯುವ ಹೊಣೆ ಇವರದು.

ಇಂಥ ಮುಂದಾಳತ್ವ ಮೊದಲು ಬಲಿತ ನಗರಗಳಲ್ಲಿ ಮುಂಬೈ ಮುಖ್ಯವಾದದ್ದು. ಕರಾವಳಿಯಿಂದ ದುಡಿಮೆ ಅರಸಿ ಹೋದವರಿಗೆ ಅಲ್ಲಿ ಮೊದಲು ಆಸರೆಯಾದದ್ದು ಸಮುದಾಯದ ಸಂಘಟನೆಗಳು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ ಅವುಗಳಲ್ಲೊಂದು. ಹಗಲು ಹೋಟೆಲಿನಲ್ಲಿ ದುಡಿಯುತ್ತಿದ್ದ ಹುಡುಗರು ರಾತ್ರಿ ಶಾಲೆಗಳಲ್ಲಿ ಕನ್ನಡದಲ್ಲೇ ಓದಿ ಮುಂದೆ ಬಂದರು. 1926ರಲ್ಲಿ ಮೈಸೂರು ಅಸೋಸಿಯೇಷನ್, 1933ರಲ್ಲಿ ಕರ್ನಾಟಕ ಸಂಘ ಸ್ಥಾಪನೆಯಾದ ಮೇಲೆ ನಾಟಕ, ಸಂಗೀತ, ಉಪನ್ಯಾಸ, ಪ್ರಕಟಣೆಗಳಿಗೆ ಸ್ಥಿರ ನೆಲೆ ಸಿಕ್ಕಿತು. ಕರ್ನಾಟಕ ಸಂಘದ ಕಟ್ಟಡಕ್ಕೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿದೆ. ಕನ್ನಡ ಸಾಹಿತ್ಯ ಸಮ್ಮೇಳನ ಮುಂಬೈಯಲ್ಲಿ 1935ರಲ್ಲಿ ಎನ್.ಎಸ್. ಸುಬ್ಬರಾವ್ ಅವರ, 1951ರಲ್ಲಿ ಎಂ. ಗೋವಿಂದ ಪೈ ಅವರ ಅಧ್ಯಕ್ಷತೆಯಲ್ಲಿ ನಡೆಯಿತು.

ದೆಹಲಿಯ ಪರಿಸ್ಥಿತಿ ಬೇರೆ. ಕೇಂದ್ರ ಸರ್ಕಾರದ ನೌಕರಿಗೆಂದು ಹೋದ ಕನ್ನಡಿಗರು ಅಲ್ಲಿ ಸಾಕಷ್ಟು ಸಂಖ್ಯೆಯಲ್ಲಿದ್ದರು. 1948ರಲ್ಲಿ ಆರಂಭವಾದ ದೆಹಲಿ ಕರ್ನಾಟಕ ಸಂಘ ರಾಜಧಾನಿಯಲ್ಲಿ ಕರ್ನಾಟಕದ ಸಾಂಸ್ಕೃತಿಕ ಪ್ರತಿನಿಧಿಯಾಗಿ ಬೆಳೆಯಿತು. 1978ರಲ್ಲಿ ಜಿ.ಪಿ. ರಾಜರತ್ನಂ ಅವರ ಅಧ್ಯಕ್ಷತೆಯ ಸಾಹಿತ್ಯ ಸಮ್ಮೇಳನ ದೆಹಲಿಯಲ್ಲಿ ನಡೆಯಿತು. ಸಂಘದ ಅಮೃತ ಮಹೋತ್ಸವವನ್ನು 2023ರ ಫೆಬ್ರುವರಿಯಲ್ಲಿ ತಾಲ್ಕಟೋರಾ ಕ್ರೀಡಾಂಗಣದಲ್ಲಿ ಪ್ರಧಾನಿ ಉದ್ಘಾಟಿಸಿದರು.

ಅಮೆರಿಕ 1965ರಲ್ಲಿ ವಲಸೆ ಕಾನೂನನ್ನು ಬದಲಿಸಿದಾಗ ವೈದ್ಯರು, ಎಂಜಿನಿಯರುಗಳು, ವಿಜ್ಞಾನಿಗಳು ಹೆಚ್ಚಿನ ಸಂಖ್ಯೆಯಲ್ಲಿ ಅಲ್ಲಿಗೆ ಹೋದರು. 1970ರ ದಶಕದಲ್ಲಿ ಒಂದೊಂದೇ ನಗರದಲ್ಲಿ ಕನ್ನಡ ಕೂಟಗಳು ತಲೆಯೆತ್ತಿದವು. ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟ 1973ರದು. ಬ್ರಿಟನ್ನಿನಲ್ಲಿ 1983ರಲ್ಲಿ ಕನ್ನಡ ಬಳಗ ಹುಟ್ಟಿತು. ಯುಗಾದಿ, ದೀಪಾವಳಿ, ರಾಜ್ಯೋತ್ಸವಗಳೇ ಈ ಕೂಟಗಳ ವರ್ಷದ ಮುಖ್ಯ ಕಾರ್ಯಕ್ರಮಗಳು.

ಚದುರಿದ್ದ ಕೂಟಗಳನ್ನು ಒಂದೇ ಛತ್ರದಡಿ ತರಲು 1998ರಲ್ಲಿ ಅಮೆರಿಕ ಕನ್ನಡ ಕೂಟಗಳ ಆಗರ, ಅಂದರೆ 'ಅಕ್ಕ', ರೂಪುಗೊಂಡಿತು. 2000ದಲ್ಲಿ ಹ್ಯೂಸ್ಟನ್‌ನಲ್ಲಿ ಅದರ ಮೊದಲ ವಿಶ್ವ ಕನ್ನಡ ಸಮ್ಮೇಳನ ಜರುಗಿತು. ಬಳಿಕ ಎರಡು ವರ್ಷಕ್ಕೊಮ್ಮೆ ಡೆಟ್ರಾಯಿಟ್, ಒರ್ಲಾಂಡೊ, ಬಾಲ್ಟಿಮೋರ್, ಷಿಕಾಗೊ ನಗರಗಳು ಆತಿಥ್ಯ ವಹಿಸಿದವು. ಇಂಥ ಸಮ್ಮೇಳನಕ್ಕೆ ಹಣ ಕೂಡಿಸುವುದು, ಸ್ವಯಂಸೇವಕರನ್ನು ಒಟ್ಟುಗೂಡಿಸುವುದು, ತವರಿನ ಸಾಹಿತಿ, ಕಲಾವಿದರು ಮತ್ತು ಸಚಿವರನ್ನು ಬರಮಾಡಿಕೊಳ್ಳುವುದು ಮುಂದಾಳುಗಳ ಮುಖ್ಯ ಹೊಣೆಯಾಯಿತು. ಮುಂದೆ 'ನಾವಿಕ' ಎಂಬ ಇನ್ನೊಂದು ಸಂಘಟನೆಯೂ ಹುಟ್ಟಿ, ಅದೂ ಸಮ್ಮೇಳನಗಳನ್ನು ನಡೆಸತೊಡಗಿತು.

ಸಂಸ್ಕೃತಿಯ ಕೆಲಸ ರಾಜತಾಂತ್ರಿಕ ನೆಲೆ ಮುಟ್ಟಿದ್ದಕ್ಕೆ ಲಂಡನ್ನಿನ ಬಸವೇಶ್ವರ ಪ್ರತಿಮೆ ಸ್ಪಷ್ಟ ನಿದರ್ಶನ. ಕಲಬುರಗಿ ಮೂಲದ ವೈದ್ಯ ನೀರಜ್ ಪಾಟೀಲ್ ಲ್ಯಾಂಬೆತ್ ಬರೋ ಮೇಯರ್ ಆಗಿದ್ದವರು. ಅವರ ಮುಂದಾಳತ್ವದ ಲ್ಯಾಂಬೆತ್ ಬಸವೇಶ್ವರ ಪ್ರತಿಷ್ಠಾನ ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ಪ್ರತಿಮೆ ನಿಲ್ಲಿಸಿತು. 2015ರ ನವೆಂಬರ್ 14ರಂದು ಭಾರತದ ಪ್ರಧಾನಿ ಅದನ್ನು ಅನಾವರಣಗೊಳಿಸಿದರು. ಸ್ಥಳೀಯ ಆಡಳಿತದ ಒಳಗನ್ನು ಬಲ್ಲ ಮುಂದಾಳು, ತವರಿನ ಪರಂಪರೆಯ ಮೇಲಿನ ಅಭಿಮಾನ, ಎರಡು ದೇಶಗಳ ಸೌಹಾರ್ದ ಮೂರೂ ಇಲ್ಲಿ ಒಂದಾದವು.

ಕರ್ನಾಟಕ ಸರ್ಕಾರವೂ ಈ ನಂಟಿಗೆ ರೂಪ ಕೊಟ್ಟಿದೆ. ವಿಶ್ವ ಕನ್ನಡ ಸಮ್ಮೇಳನಗಳನ್ನು 1985ರಲ್ಲಿ ಮೈಸೂರಿನಲ್ಲಿ, 2011ರಲ್ಲಿ ಬೆಳಗಾವಿಯಲ್ಲಿ ನಡೆಸಿತು. ಮುಖ್ಯಮಂತ್ರಿಯೇ ಅಧ್ಯಕ್ಷರಾಗಿರುವ ಅನಿವಾಸಿ ಭಾರತೀಯ ಸಮಿತಿಯಲ್ಲಿ ಉಪಾಧ್ಯಕ್ಷರು ವಿದೇಶದ ಸಂಘಗಳೊಡನೆ ವ್ಯವಹರಿಸುತ್ತಾರೆ.

ಸಂಘಗಳ ಮುಂದಾಳುಗಳು ಎದುರಿಸುತ್ತಿರುವ ದೊಡ್ಡ ಸವಾಲು ಮುಂದಿನ ಪೀಳಿಗೆಯದು. ಮುಂಬೈಯ ರಾತ್ರಿ ಶಾಲೆ ಕನ್ನಡ ಬಲ್ಲ ಮಕ್ಕಳಿಗೆ ವಿದ್ಯೆ ಕೊಟ್ಟಿತು. ಇಂದಿನ ವಾರಾಂತ್ಯದ ಕನ್ನಡ ತರಗತಿ ವಿದ್ಯೆಯುಳ್ಳ ಮಕ್ಕಳಿಗೆ ಕನ್ನಡ ಕೊಡಬೇಕಾಗಿದೆ. ಹೀಗೆ ಕಲಿತವರು ಕಾರ್ಯಕಾರಿ ಸಮಿತಿಗೂ ಬಂದಾಗ ಮಾತ್ರ ಸಂಘದ ಹೊಣೆ ಒಂದು ಪೀಳಿಗೆಯಿಂದ ಇನ್ನೊಂದಕ್ಕೆ ದಾಟುತ್ತದೆ.