ಸಾಫ್ಟ್‌ಬಾಲ್ ಎಸೆತ: ಒಂದು ಇತಿಹಾಸ, ಒಂದು ಪಾಠ

ವಸಂತ ಋತು ಕಾಲಿಟ್ಟೊಡನೆ ಎಲಿಕಾಟ್ ಸಿಟಿಯ ಮೈದಾನಗಳಲ್ಲಿ ಸಾಫ್ಟ್‌ಬಾಲ್ ಅಭ್ಯಾಸ ಆರಂಭವಾಗುತ್ತದೆ. ನಮ್ಮ ಕನ್ನಡ ಮನೆಗಳ ಹೆಣ್ಣುಮಕ್ಕಳೂ ಕೈಗವಸು ತೊಟ್ಟು ಹೊರಡುತ್ತಾರೆ. ಸಂಜೆ ಹಿತ್ತಲಿನಲ್ಲಿ ಅವರಿಗೆ ಚೆಂಡೆಸೆಯಲು ಕಲಿಸಹೊರಟ ನಮಗೆ ಮಾತ್ರ ತೊಡಕು ಎದುರಾಗುತ್ತದೆ. ಬೌಲಿಂಗ್ ಮಾಡುವಾಗ ಮೊಣಕೈ ಮಡಿಸಬಾರದೆಂದು ಕೇಳುತ್ತ ಬೆಳೆದವರು ನಾವು. ತಾಯಂದಿರಲ್ಲಿ ಅನೇಕರು ಶಾಲೆಯಲ್ಲಿ ಆಡಿದ್ದು ತ್ರೋಬಾಲ್. ದೊಡ್ಡ ಚೆಂಡನ್ನು ಎರಡೂ ಕೈಗಳಿಂದ ಹಿಡಿದು, ಭುಜದ ಮೇಲಿಂದ ಒಂದೇ ಕೈಯಲ್ಲಿ ತಳ್ಳುವ ಆಟ. ಸಾಫ್ಟ್‌ಬಾಲಿಗೆ ಈ ಎರಡೂ ರೂಢಿಗಳು ಒಗ್ಗುವುದಿಲ್ಲ.

ಈ ಆಟ ಹುಟ್ಟಿದ್ದೇ ಒಂದು ಎಸೆತದಿಂದ. 1887ರ ಥ್ಯಾಂಕ್ಸ್‌ಗಿವಿಂಗ್ ದಿನ, ಷಿಕಾಗೋದ ಫ್ಯಾರಗಟ್ ಬೋಟ್ ಕ್ಲಬ್ಬಿನಲ್ಲಿ ಯೇಲ್ ಮತ್ತು ಹಾರ್ವರ್ಡ್ ನಡುವಣ ಫುಟ್‌ಬಾಲ್ ಪಂದ್ಯದ ಫಲಿತಾಂಶಕ್ಕಾಗಿ ಯುವಕರು ಕಾದಿದ್ದರು. ಫಲಿತಾಂಶ ಬಂದ ಸಂಭ್ರಮದಲ್ಲಿ ಒಬ್ಬನು ಬಾಕ್ಸಿಂಗ್ ಕೈಗವಸನ್ನು ಎಸೆದನು. ಇನ್ನೊಬ್ಬನು ಅದನ್ನು ಕೋಲಿನಿಂದ ಹೊಡೆದನು. ಜಾರ್ಜ್ ಹ್ಯಾಂಕಾಕ್ ಎಂಬವರು ಆ ಕೈಗವಸನ್ನೇ ಬಿಗಿದು ಕಟ್ಟಿ ಚೆಂಡಾಗಿಸಿ, ಒಳಾಂಗಣದ ಆಟವೊಂದನ್ನು ರೂಪಿಸಿದರು. ‘ಸಾಫ್ಟ್‌ಬಾಲ್’ ಎಂಬ ಹೆಸರನ್ನು 1926ರಲ್ಲಿ ಸೂಚಿಸಿದವರು ವಾಲ್ಟರ್ ಹಕಾನ್ಸನ್. ಹೆಸರು ಮೃದುವಾದರೂ 12 ಅಂಗುಲ ಸುತ್ತಳತೆಯ ಇಂದಿನ ಚೆಂಡು ಮೃದುವಲ್ಲ.

1933ರಲ್ಲಿ ಷಿಕಾಗೋದ ವಿಶ್ವಮೇಳದ ಸಂದರ್ಭದಲ್ಲಿ ನಡೆದ ಪಂದ್ಯಾವಳಿಯಲ್ಲಿ ಮಹಿಳೆಯರೂ ಆಡಿದರು. ಆದರೂ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಶ್ರದ್ಧೆಯಿಂದ ಎಸೆತ ಕಲಿಸುವ ವಾಡಿಕೆ ಬಹುಕಾಲ ಇರಲಿಲ್ಲ. ಕಲಿಸದೆ ಬಿಟ್ಟವರೇ ಬಳಿಕ ‘ಹುಡುಗಿಯ ಹಾಗೆ ಎಸೆಯುತ್ತೀಯೆ’ ಎಂದು ಹಂಗಿಸಿದರು! ಡಾಟ್ ರಿಚರ್ಡ್‌ಸನ್ ಬಾಲಕಿಯಾಗಿದ್ದಾಗ, ಕೂದಲು ಕತ್ತರಿಸಿ ‘ಬಾಬ್’ ಎಂದು ಹೆಸರಿಟ್ಟುಕೊಂಡರೆ ಹುಡುಗರ ತಂಡಕ್ಕೆ ಸೇರಿಸಿಕೊಳ್ಳುವೆನೆಂದು ತರಬೇತುದಾರರೊಬ್ಬರು ಹೇಳಿದರಂತೆ. ಆಕೆ ಒಪ್ಪಲಿಲ್ಲ.

1972ರ ಜೂನ್ 23ರಂದು ‘ಟೈಟಲ್ ನೈನ್’ ಕಾನೂನು ಜಾರಿಗೆ ಬಂದು, ಸರ್ಕಾರಿ ನೆರವು ಪಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗಭೇದವನ್ನು ನಿಷೇಧಿಸಿತು. ಶಾಲಾ ಮೈದಾನಗಳ ಬಾಗಿಲು ಹೆಣ್ಣುಮಕ್ಕಳಿಗೆ ಕ್ರಮೇಣ ತೆರೆಯಿತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಸಾಫ್ಟ್‌ಬಾಲ್ ಮೊದಲ ಬಾರಿಗೆ ಸೇರ್ಪಡೆಯಾಯಿತು. ಜಾರ್ಜಿಯದ ಕೊಲಂಬಸ್ ಊರಿನಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಅಮೆರಿಕ ತಂಡವು ಚೀನಾವನ್ನು 3-1ರಿಂದ ಸೋಲಿಸಿತು. ಅಂದು ಹೋಮ್ ರನ್ ಹೊಡೆದು ಗೆಲುವಿಗೆ ಕಾರಣರಾದವರು ಅದೇ ಡಾಟ್ ರಿಚರ್ಡ್‌ಸನ್.

ಹಾಗಾದರೆ ಸರಿಯಾದ ಎಸೆತ ಯಾವುದು? ಪಿಚ್ ಮಾಡುವವಳು ಕೈಯನ್ನು ಕೆಳಗಿನಿಂದ ಬೀಸುತ್ತಾಳೆ. ಉಳಿದವರು ಸಾಮಾನ್ಯವಾಗಿ ಭುಜದ ಮೇಲಿಂದ ಎಸೆಯುತ್ತಾರೆ. ಮೊದಲು ಕಲಿಯಬೇಕಾದದ್ದು ಈ ಎರಡನೆಯದು. ಚೆಂಡನ್ನು ಅಂಗೈಗೆ ಒತ್ತದೆ, ಹೊಲಿಗೆಗೆ ಅಡ್ಡಲಾಗಿ ಬೆರಳುಗಳಲ್ಲಿ ಹಿಡಿಯಬೇಕು. ಪುಟ್ಟ ಕೈಗೆ ಮೂರು ಬೆರಳು ಬೇಕಾದೀತು. ಬಲಗೈಯವರು ಎಡಭುಜವನ್ನು ಗುರಿಯತ್ತ ತಿರುಗಿಸಿ ನಿಂತು, ಎಡಗಾಲನ್ನು ಮುಂದಿಡಬೇಕು. ಮೊಣಕೈ ಭುಜದ ಮಟ್ಟಕ್ಕೆ ಏರಿರಬೇಕು. ಮೊದಲು ಸೊಂಟ, ಅನಂತರ ಭುಜ, ಮೊಣಕೈ, ಕೊನೆಗೆ ಮಣಿಕಟ್ಟು ತಿರುಗಬೇಕು. ಚೆಂಡು ಬಿಟ್ಟ ಮೇಲೆ ಕೈ ಎಡತೊಡೆಯತ್ತ ತಾನಾಗಿ ಇಳಿಯಬೇಕು. ಬಲ ಹುಟ್ಟುವುದು ಕಾಲಿನಲ್ಲಿ. ಕೈ ಅದನ್ನು ಚೆಂಡಿಗೆ ತಲುಪಿಸುತ್ತದೆ.

ಎಸೆತವು ಹುಟ್ಟುಗುಣವಲ್ಲ, ಅಭ್ಯಾಸದ ಫಲ ಎಂಬುದಕ್ಕೆ ನಮ್ಮ ನಾಡಿನಲ್ಲೇ ಸಾಕ್ಷಿಯಿದೆ. ಮೈಸೂರಿನಲ್ಲಿ ಹುಟ್ಟಿದ ಬಿ.ಎಸ್. ಚಂದ್ರಶೇಖರ್ ಅವರ ಬಲಗೈ ಬಾಲ್ಯದಲ್ಲಿ ಪೋಲಿಯೊದಿಂದ ಸೊರಗಿತ್ತು. ಅವರು ಫೀಲ್ಡಿಂಗ್ ಮಾಡುವಾಗ ಎಡಗೈಯಿಂದ ಎಸೆಯುತ್ತಿದ್ದರು; ಸೊರಗಿದ ಬಲಗೈಯಿಂದಲೇ ಬೌಲ್ ಮಾಡಿ 1971ರಲ್ಲಿ ಓವಲ್ ಮೈದಾನದಲ್ಲಿ 38 ರನ್ನುಗಳಿಗೆ 6 ವಿಕೆಟ್ ಪಡೆದರು.

ಆದುದರಿಂದ ಮಗಳ ಎಸೆತ ಗುರಿ ತಪ್ಪಿದಾಗ ‘ಇವಳಿಗೆ ಬಾರದು’ ಎನ್ನದಿರೋಣ. ಹತ್ತು ಹೆಜ್ಜೆ ದೂರದಲ್ಲಿ ಎದುರು ನಿಂತು, ಅವಳೊಡನೆ ನಾವೂ ಹೊಸದಾಗಿ ಕಲಿಯೋಣ.