ಏಣಾಕ್ಷಿ ರಾಮರಾವ್: ಮೂಕಿ ತೆರೆಯ ಮೇಲೆ ಉಳಿದ ಮುಖ

ಬೈಲಹೊಂಗಲದಲ್ಲಿ ಕಿತ್ತೂರು ರಾಣಿ ಚೆನ್ನಮ್ಮನ ಸಮಾಧಿಯಿದೆ. ಅಲ್ಲಿ ನಿಂತಾಗ ಯಾರ ಮನಸ್ಸಿನಲ್ಲಾದರೂ ಒಂದು ಪ್ರಶ್ನೆ ಹುಟ್ಟುತ್ತದೆ: ರಾಣಿ ನೋಡಲು ಹೇಗಿದ್ದಳು? ಉತ್ತರ ಹೇಳುವುದು ಕಷ್ಟ. ಚೆನ್ನಮ್ಮ ತೀರಿಕೊಂಡದ್ದು 1829ರಲ್ಲಿ. ಛಾಯಾಚಿತ್ರ ತೆಗೆಯುವ ವಿಧಾನ ಜಗತ್ತಿಗೆ ಪ್ರಕಟವಾದದ್ದು 1839ರಲ್ಲಿ. ಹೀಗಾಗಿ ನಮ್ಮಲ್ಲಿ ಅನೇಕರಿಗೆ ಕಣ್ಣ ಮುಂದೆ ಬರುವ ಚೆನ್ನಮ್ಮನ ಮುಖ, 1961ರ 'ಕಿತ್ತೂರು ಚೆನ್ನಮ್ಮ' ಚಿತ್ರದಲ್ಲಿ ನಟಿಸಿದ ಬಿ. ಸರೋಜಾದೇವಿಯವರದು.

ಕ್ಯಾಮೆರಾ ಇರಲಿಲ್ಲ, ಆದ್ದರಿಂದ ಮುಖ ಉಳಿಯಲಿಲ್ಲ. ಇದು ಸುಲಭವಾಗಿ ಅರ್ಥವಾಗುವ ಮಾತು. ಆದರೆ ಕ್ಯಾಮೆರಾದ ಎದುರಿಗೇ ನಿಂತು, ಊರೂರ ಜನರಿಗೆ ಕಾಣಿಸಿಕೊಂಡು, ಆಮೇಲೆ ಮರೆಯಾದ ಮುಖಗಳೂ ಇವೆ. ಅವು ನಮ್ಮ ಮೂಕಿ ಚಿತ್ರಗಳ ನಟಿಯರ ಮುಖಗಳು. ಅವರಲ್ಲಿ ಒಬ್ಬರಾದ ಏಣಾಕ್ಷಿ ರಾಮರಾವ್ ಅವರ ಕಥೆಯನ್ನು ವಿದ್ಯಾರ್ಥಿ ಮಿತ್ರರಿಗೆ ಇಲ್ಲಿ ಹೇಳಬೇಕೆಂದಿದ್ದೇನೆ.

ಮೊದಲು ಆ ಕಾಲದ ಸ್ಥಿತಿಯನ್ನು ತಿಳಿಯೋಣ. 1913ರಲ್ಲಿ ದಾದಾಸಾಹೇಬ ಫಾಲ್ಕೆಯವರು 'ರಾಜಾ ಹರಿಶ್ಚಂದ್ರ' ತೆಗೆದಾಗ ತಾರಾಮತಿಯ ಪಾತ್ರಕ್ಕೆ ಒಬ್ಬ ಹೆಂಗಸೂ ಒಪ್ಪಲಿಲ್ಲ. ಕೊನೆಗೆ ಉಪಾಹಾರಗೃಹವೊಂದರಲ್ಲಿ ಕೆಲಸಕ್ಕಿದ್ದ ಸಾಳುಂಕೆ ಎಂಬ ಯುವಕ ಸೀರೆ ಉಟ್ಟು ರಾಣಿಯಾದ. ಅದೇ ವರ್ಷ ಫಾಲ್ಕೆಯವರ 'ಮೋಹಿನಿ ಭಸ್ಮಾಸುರ'ದಲ್ಲಿ ದುರ್ಗಾಬಾಯಿ ಕಾಮತ್ ಮತ್ತು ಅವರ ಮಗಳು ಕಮಲಾ ನಟಿಸಿ ದಾರಿ ತೆರೆದರು.

ಇಂಥ ಹಿಂಜರಿಕೆ ಏಕೆ ಎಂಬುದನ್ನು ಸವದತ್ತಿ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಾಡು, ಕುಣಿತಗಳನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದವರಲ್ಲಿ ದೇವದಾಸಿ ಮನೆತನದ ಹೆಂಗಸರೂ ಇದ್ದರು. ಸಮಾಜಕ್ಕೆ ಅವರ ಕಲೆ ಬೇಕಿತ್ತು. ಅವರಿಗೆ ಗೌರವ ಕೊಡಲು ಮನಸ್ಸಿರಲಿಲ್ಲ. ದೇವದಾಸಿಯಾಗಿ ಬಿಡುವುದನ್ನು ನಿಷೇಧಿಸುವ ಕರ್ನಾಟಕದ ಕಾಯ್ದೆ 1982ರದು. ರಂಗದ ಮೇಲೆ ನಿಂತ ಹೆಣ್ಣನ್ನು ಕೀಳಾಗಿ ಕಂಡ ಕಣ್ಣೇ ಕ್ಯಾಮೆರಾದ ಮುಂದೆ ನಿಂತವಳನ್ನೂ ಹಾಗೆಯೇ ಕಂಡಿತು. ಈ ಕಾರಣದಿಂದ 1920ರ ದಶಕದ ಹೆಸರುವಾಸಿ ತಾರೆಯರಲ್ಲಿ ಹಲವರು ಆಂಗ್ಲೋ-ಇಂಡಿಯನ್ ಅಥವಾ ಯೆಹೂದಿ ಮನೆತನದವರು. ಸುಲೋಚನಾ ಎಂದು ಮೆರೆದವರ ನಿಜವಾದ ಹೆಸರು ರೂಬಿ ಮೈಯರ್ಸ್. ಸೀತಾದೇವಿಯ ಹೆಸರು ರೆನೀ ಸ್ಮಿತ್.

ಇಂಥ ಕಾಲದಲ್ಲಿ, 1928ರಲ್ಲಿ, ಏಣಾಕ್ಷಿ ರಾಮರಾವ್ ತೆರೆಗೆ ಬಂದರು. ಏಣಾಕ್ಷಿ ಎಂದರೆ ಜಿಂಕೆಯ ಕಣ್ಣಿನವಳು. ಮಾತಿಲ್ಲದ ಚಿತ್ರದ ನಟಿಗೆ ಇದಕ್ಕಿಂತ ಒಪ್ಪುವ ಹೆಸರು ಬೇರೆ ಬೇಕೆ? ಚಿತ್ರ 'ಶಿರಾಜ್'. ನಿರ್ದೇಶಕರು ಜರ್ಮನಿಯ ಫ್ರಾಂಜ್ ಓಸ್ಟೆನ್; ಶಿರಾಜ್‌ನ ಪಾತ್ರ ಹಿಮಾಂಶು ರಾಯ್ ಅವರದು. ಕುಂಬಾರನ ಮನೆಯಲ್ಲಿ ಬೆಳೆದ ಸೆಲಿಮಾ ಎಂಬ ಹುಡುಗಿ ಗುಲಾಮಳಾಗಿ ಮಾರಾಟವಾಗಿ, ಮುಂದೆ ಮುಮ್ತಾಜ್ ಮಹಲ್ ಆಗುತ್ತಾಳೆ. ಅವಳನ್ನು ಪ್ರೀತಿಸಿದ ಶಿರಾಜ್ ಮುಪ್ಪಿನಲ್ಲಿ, ಕಣ್ಣು ಕಳೆದುಕೊಂಡ ಮೇಲೆ, ತಾಜ್ ಮಹಲಿನ ರೂಪ ಕಲ್ಪಿಸುತ್ತಾನೆ. ಇದು ಕಟ್ಟುಕಥೆ, ಚರಿತ್ರೆಯಲ್ಲ. ಸೆಲಿಮಾ ಆದವರು ಏಣಾಕ್ಷಿ. ಅವಳ ವಿರುದ್ಧ ಒಳಸಂಚು ಮಾಡುವ ದಾಲಿಯಾ ಆದವರು ಸೀತಾದೇವಿ.

ಕನ್ನಡಿಗರಿಗೆ ಹೆಚ್ಚು ಹತ್ತಿರದ ಚಿತ್ರ 'ವಸಂತಸೇನಾ'. ಶೂದ್ರಕನ 'ಮೃಚ್ಛಕಟಿಕ' ನಾಟಕವನ್ನು ಆಧರಿಸಿ ಮೋಹನ್ ಭವನಾನಿಯವರು 1930-31ರ ಹೊತ್ತಿಗೆ ಇದನ್ನು ತಂದರು. ವಸಂತಸೇನೆ ಉಜ್ಜಯಿನಿಯ ಗಣಿಕೆ; ಬಡವನಾದ ಚಾರುದತ್ತನ ಗುಣಕ್ಕೆ ಮನಸೋತವಳು. ಸಮಾಜ ಕೀಳೆಂದ ಹೆಣ್ಣೊಬ್ಬಳ ದೊಡ್ಡ ಗುಣವನ್ನು ತೋರಿಸುವ ಆ ಪಾತ್ರವನ್ನು ಏಣಾಕ್ಷಿ ವಹಿಸಿದರು. ಜೊತೆಯಲ್ಲಿ ಕನ್ನಡದ ನಾಟಕಕಾರ ಟಿ.ಪಿ. ಕೈಲಾಸಂ ಇದ್ದರು; ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಇದ್ದರು.

ಕಮಲಾದೇವಿಯವರು ಸಾಮಾನ್ಯರಲ್ಲ. 1924ರಲ್ಲಿ ಗಾಂಧೀಜಿಯವರು ಅಧ್ಯಕ್ಷರಾಗಿದ್ದ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಸ್ವಯಂಸೇವಕಿಯರ ನಡುವೆ ದುಡಿದವರು. 1926ರಲ್ಲಿ ಮದರಾಸು ಶಾಸನಸಭೆಯ ಚುನಾವಣೆಗೆ ನಿಂತು ಅಲ್ಪ ಮತಗಳಿಂದ ಸೋತವರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಸೆರೆಮನೆ ಕಂಡವರು. ಇಂಥವರು ಬಣ್ಣ ಹಚ್ಚಿದಾಗ, ಮರ್ಯಾದಸ್ಥರು ಸಿನಿಮಾಕ್ಕೆ ಹೋಗಬಾರದೆಂಬ ವಾದದ ಬಲ ಕುಗ್ಗಿತು. ಆದರೆ ಒಂದು ಮಾತನ್ನು ಮರೆಯಬಾರದು. ಓದಿದ ಮನೆತನದವರು ಬಂದ ಮೇಲೆಯೇ ಆ ಕೆಲಸಕ್ಕೆ ಗೌರವ ಸಿಗುವುದೆಂದರೆ, ಅವರಿಗಿಂತ ಮೊದಲು ನಿಂದೆ ಸಹಿಸಿ ಹಾಡಿ ಕುಣಿದವರ ಸಾಲ ತೀರಿದಂತಾಗಲಿಲ್ಲ.

ಆಗ ಕರ್ನಾಟಕವೆಂಬ ಒಂದೇ ರಾಜ್ಯವಿರಲಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ ಮುಂಬಯಿ ಪ್ರಾಂತದಲ್ಲಿದ್ದವು. ರಾಮದುರ್ಗಕ್ಕೆ ಪ್ರತ್ಯೇಕ ಸಂಸ್ಥಾನಿಕರಿದ್ದರು. ಕೈಲಾಸಂ ಮೈಸೂರು ಸಂಸ್ಥಾನದವರು, ಕಮಲಾದೇವಿ ಮದರಾಸು ಪ್ರಾಂತದ ಮಂಗಳೂರಿನವರು. ಮೂಕಿ ಚಿತ್ರಕ್ಕೆ ಈ ಗಡಿಗಳು ಅಡ್ಡಿಯಾಗಲಿಲ್ಲ. ದೃಶ್ಯಗಳ ನಡುವೆ ಬರುವ ಬರಹದ ಫಲಕಗಳನ್ನು ಬದಲಿಸಿದರೆ ಒಂದೇ ಚಿತ್ರ ಯಾವ ಸೀಮೆಯಲ್ಲಾದರೂ ಓಡುತ್ತಿತ್ತು.

ಇಷ್ಟು ಜನ ನೋಡಿದ ಮುಖ ಮರೆಯಾಗಲು ಕಾರಣವೇನು? ಇಲ್ಲಿ ಸ್ವಲ್ಪ ರಸಾಯನಶಾಸ್ತ್ರ ಬೇಕು. ಅಂದಿನ ಫಿಲ್ಮ್ ಸೆಲ್ಯುಲೋಸ್ ನೈಟ್ರೇಟ್‌ನದು. ಸೆಲ್ಯುಲೋಸ್ ಎಂದರೆ ಬೈಲಹೊಂಗಲದ ಎರೆ ಹೊಲಗಳಲ್ಲಿ ಬೆಳೆಯುವ ಹತ್ತಿಯಲ್ಲಿರುವ ವಸ್ತುವೇ. ಅದನ್ನು ನೈಟ್ರಿಕ್ ಆಮ್ಲದೊಡನೆ ಸಂಸ್ಕರಿಸಿದರೆ ಪಾರದರ್ಶಕ ಪಟ್ಟಿ ಮಾಡಬಹುದು. ಆದರೆ ಬೆಂಕಿಗೆ ಬಲು ಬೇಗ ತುತ್ತಾಗುತ್ತದೆ. ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇರುವುದರಿಂದ ನೀರಿನಲ್ಲಿ ಮುಳುಗಿಸಿದರೂ ಆರದು. ಬೆಂಕಿ ತಗುಲದಿದ್ದರೂ ಸೆಕೆ, ತೇವಗಳಲ್ಲಿ ತಾನಾಗಿಯೇ ಕೊಳೆತು ಪುಡಿಯಾಗುತ್ತದೆ. ಫಿಲ್ಮಿನಲ್ಲಿ ಬೆಳ್ಳಿಯ ಅಂಶವಿರುವುದರಿಂದ ಬೆಳ್ಳಿಗಾಗಿ ಕರಗಿಸಿದ ಸುರುಳಿಗಳೂ ಎಷ್ಟೋ. ಭಾರತದಲ್ಲಿ ತಯಾರಾದ ಸುಮಾರು 1,300 ಮೂಕಿ ಚಿತ್ರಗಳಲ್ಲಿ ಪೂರ್ಣವಾಗಿಯೋ ತುಣುಕುಗಳಾಗಿಯೋ ಉಳಿದಿರುವುದು ಮೂವತ್ತರ ಆಸುಪಾಸು ಮಾತ್ರ.

'ವಸಂತಸೇನಾ' ಇಂದು ನೋಡಲು ಸಿಗುವುದಿಲ್ಲ. 'ಶಿರಾಜ್' ಉಳಿಯಿತು. ಅದರ ಪ್ರತಿ ಬ್ರಿಟನ್ನಿನ ಸಂಗ್ರಹಾಗಾರದಲ್ಲಿತ್ತು. 2017ರಲ್ಲಿ ಅದನ್ನು ದುರಸ್ತಿ ಮಾಡಿ, ಅನುಷ್ಕಾ ಶಂಕರ್ ಅವರ ಸಂಗೀತದೊಡನೆ ಮತ್ತೆ ತೋರಿಸಿದರು. ಸುಮಾರು ತೊಂಬತ್ತು ವರ್ಷಗಳ ನಂತರ ಏಣಾಕ್ಷಿಯ ಕಣ್ಣುಗಳು ತೆರೆಯ ಮೇಲೆ ಮತ್ತೆ ಹೊಳೆದವು. ಕನ್ನಡಿಗರು ಕೂಡಿ ನಟಿಸಿದ ಚಿತ್ರ ನಮ್ಮಲ್ಲಿ ಅಳಿಯಿತು. ಸಾಗರದಾಚೆ ಜೋಪಾನವಾಗಿದ್ದ ಚಿತ್ರ ಉಳಿಯಿತು. ಕಲಾವಿದೆಯ ಹೆಸರು ನಿಲ್ಲಲು ಪ್ರತಿಭೆಯೊಂದೇ ಸಾಲದು, ಜೋಪಾನ ಮಾಡುವವರೂ ಬೇಕು.

1931ರಲ್ಲಿ 'ಆಲಂ ಆರಾ' ಮಾತಾಡಿತು. 1934ರಲ್ಲಿ ಕೊಲ್ಹಾಪುರದಲ್ಲಿ ತಯಾರಾದ 'ಸತಿ ಸುಲೋಚನಾ' ಕನ್ನಡದಲ್ಲಿ ಮಾತಾಡಿತು. ತೆರೆಗೆ ಈಗ ಕಂಠ ಬೇಕಾಯಿತು. ಅದರಗುಂಚಿಯ ಶಾಂತಾ ಹುಬಳೀಕರ, ಬೀಳಗಿಯ ಅಮೀರಬಾಯಿ ಕರ್ನಾಟಕಿ ಈ ಸೀಮೆಯಿಂದಲೇ ಹೋಗಿ ಹೆಸರು ಗಳಿಸಿದರು. ಏಣಾಕ್ಷಿಯವರು ಮೋಹನ್ ಭವನಾನಿಯವರನ್ನು ಮದುವೆಯಾಗಿ, ಮುಂದೆ ಏಣಾಕ್ಷಿ ಭವನಾನಿ ಎಂಬ ಹೆಸರಿನಲ್ಲಿ ಭಾರತೀಯ ನೃತ್ಯವನ್ನು ಕುರಿತು 1965ರಲ್ಲಿ ಇಂಗ್ಲಿಷ್ ಗ್ರಂಥ ಪ್ರಕಟಿಸಿದರು. ಕರಕುಶಲ ಕಲೆಗಳ ವಿನ್ಯಾಸಗಳ ಬಗ್ಗೆಯೂ ಬರೆದರು. ತೆರೆಯ ಮೇಲೆ ಮಾತಿಲ್ಲದೆ ನಟಿಸಿದವರು ಪುಸ್ತಕಗಳಲ್ಲಿ ಮಾತಾಡಿದರು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ವಿದ್ಯಾರ್ಥಿಗಳಿಗೆ ನನ್ನದೊಂದು ಸೂಚನೆ. ನಿಮ್ಮ ಮನೆಯ ಟ್ರಂಕಿನಲ್ಲಿ ಹಳೆಯ ನಾಟಕದ ಕರಪತ್ರವೋ, ಅಜ್ಜಿಯ ಕಾಲದ ಫೋಟೋವೋ ಇರಬಹುದು. ಅದನ್ನು ತೇವ ತಾಗದ ಜಾಗದಲ್ಲಿಡಿ. ಅದರಲ್ಲಿರುವವರು ಯಾರೆಂದು ಹಿರಿಯರು ಇರುವಾಗಲೇ ಕೇಳಿ, ಹೆಸರು, ಊರು, ವರ್ಷಗಳನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಚೆನ್ನಮ್ಮನ ಮುಖ ಹೇಗಿತ್ತೆಂಬ ಪ್ರಶ್ನೆಗೆ ಉತ್ತರ ಕೊಡಲು ನಮ್ಮಿಂದ ಆಗದು. ನಮ್ಮ ಅಜ್ಜಿಯರ ಬಗ್ಗೆ ಮೊಮ್ಮಕ್ಕಳು ಅದೇ ಪ್ರಶ್ನೆ ಕೇಳಿದಾಗ ಉತ್ತರ ಸಿದ್ಧವಿರಲಿ.