ಜಾಲದೊಳಗಿನ ವೃಕ್ಷ: ರೇಡಿಯಾ ಪರ್ಲ್‌ಮನ್ ಅವರ ಸಂಶೋಧನೆ

ಕೋನಿಗ್ಸ್‌ಬರ್ಗ್ ನಗರದ ಏಳು ಸೇತುವೆಗಳನ್ನು ಕುರಿತ ಆಯ್ಲರನ 1736ರ ಪ್ರಬಂಧದಿಂದ ಗ್ರಾಫ್ ಸಿದ್ಧಾಂತದ ಚರಿತ್ರೆ ಆರಂಭವಾಗುತ್ತದೆ. ಬಿಂದುಗಳನ್ನೂ ಅವುಗಳನ್ನು ಕೂಡಿಸುವ ರೇಖೆಗಳನ್ನೂ ಮಾತ್ರ ಪರಿಗಣಿಸುವ ಈ ಶಾಸ್ತ್ರವು ಕಂಪ್ಯೂಟರ್ ಜಾಲಗಳಿಗೆ ಒದಗಿಬಂದ ಬಗೆಗೆ ಅಮೆರಿಕದ ರೇಡಿಯಾ ಪರ್ಲ್‌ಮನ್ ಅವರ ಸಂಶೋಧನೆ ಉತ್ತಮ ನಿದರ್ಶನ.

1980ರ ದಶಕದಲ್ಲಿ ಅವರು ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್‌ನಲ್ಲಿದ್ದರು. ಆಗ ಈಥರ್‌ನೆಟ್ ಜಾಲಗಳನ್ನು 'ಬ್ರಿಡ್ಜ್' ಎಂಬ ಉಪಕರಣದಿಂದ ಜೋಡಿಸಲಾಗುತ್ತಿತ್ತು. ಒಂದು ಮಾರ್ಗ ಕಡಿದರೂ ಸಂಪರ್ಕ ಉಳಿಯಲೆಂದು ಹೆಚ್ಚಿನ ಮಾರ್ಗಗಳನ್ನಿಟ್ಟರೆ ಜಾಲದಲ್ಲಿ ಆವರ್ತಗಳು ಉಂಟಾಗುತ್ತಿದ್ದವು. ಈಥರ್‌ನೆಟ್ ಸಂದೇಶದಲ್ಲಿ ತಾನು ದಾಟಿಬಂದ ಹಂತಗಳ ಲೆಕ್ಕವಿಲ್ಲದ ಕಾರಣ ಅದು ಕೊನೆಯಿಲ್ಲದೆ ಸುತ್ತುತ್ತ, ಇಮ್ಮಡಿಸುತ್ತ ಜಾಲವನ್ನೇ ಸ್ತಬ್ಧಗೊಳಿಸುತ್ತಿತ್ತು. ರಕ್ಷಣೆಗೆಂದು ಇಟ್ಟದ್ದೇ ಅಪಾಯವಾಗಿತ್ತು.

ಪರ್ಲ್‌ಮನ್ ಕಂಡ ಪರಿಹಾರ 'ಸ್ಪ್ಯಾನಿಂಗ್ ಟ್ರೀ', ಅಂದರೆ ಎಲ್ಲ ಬಿಂದುಗಳನ್ನೂ ಆವರ್ತವಿಲ್ಲದೆ ಕೂಡಿಸುವ ವೃಕ್ಷ. ಅತಿ ಕಿರಿಯ ಗುರುತುಸಂಖ್ಯೆಯ ಬ್ರಿಡ್ಜ್ ಬೇರು ಎನಿಸುತ್ತದೆ. ಉಳಿದವು ನೆರೆಯವುಗಳ ಮಾತನ್ನಷ್ಟೇ ಆಧರಿಸಿ ಬೇರಿಗೆ ಸಮೀಪದ ಮಾರ್ಗವನ್ನು ಉಳಿಸಿಕೊಂಡು ಹೆಚ್ಚುವರಿಯವನ್ನು ತಡೆಹಿಡಿಯುತ್ತವೆ. ಒಂದು ಕೊಂಬೆ ಮುರಿದರೆ ತಡೆಹಿಡಿದ ಮಾರ್ಗ ಮತ್ತೆ ತೆರೆಯುತ್ತದೆ. ಇದಾವುದಕ್ಕೂ ಕೇಂದ್ರಾಧಿಕಾರ ಬೇಕಿಲ್ಲ.

1985ರ ತಮ್ಮ ಪ್ರಬಂಧದ ಆರಂಭದಲ್ಲಿ ಪರ್ಲ್‌ಮನ್ ಈ ವಿಧಾನವನ್ನು, ಜಾಯ್ಸ್ ಕಿಲ್ಮರ್ ಕವಿಯ 'ಟ್ರೀಸ್' ಕವಿತೆಯ ಧಾಟಿಯಲ್ಲಿ, ಪದ್ಯವಾಗಿ ನಿರೂಪಿಸಿದ್ದಾರೆ. ಶಾಸ್ತ್ರವನ್ನು ಪದ್ಯದಲ್ಲಿ ಕಟ್ಟಿ ನೆನಪಿಗೆ ಒಪ್ಪಿಸುವ ಮೌಖಿಕ ಪರಂಪರೆಯ ಕ್ರಮ ಯಂತ್ರಯುಗದಲ್ಲೂ ಅಳಿದಿಲ್ಲವೆಂಬುದಕ್ಕೆ ಇದು ಸಾಕ್ಷಿ.

1990ರಲ್ಲಿ ಈ ವಿಧಾನ ಐಇಇಇ ಮಾನಕದಲ್ಲಿ ಸೇರಿತು. ತಡೆಹಿಡಿದ ಮಾರ್ಗಗಳು ನಿಷ್ಕ್ರಿಯವಾಗಿರುವುದು ಇದರ ಮಿತಿ. ಆ ಮಿತಿಯನ್ನು ಮೀರಲು 'ಟ್ರಿಲ್' ಎಂಬ ಪರ್ಯಾಯವನ್ನು ರೂಪಿಸುವಲ್ಲಿ ಮುಂದಾದವರೂ ಪರ್ಲ್‌ಮನ್ ಅವರೇ.